ಬಾತ್‌ರೂಮ್‌ಗೆ ವ್ಯಾನಿಟಿ ಕೊಳ್ಳುವ ಮುಂಚೆ ನೀರಿನ ದಾರಿ ನೋಡಿ

ನಮ್ಮ ಮನೆಯ ಮೊದಲ ವ್ಯಾನಿಟಿ ಬಾಳಿದ್ದು ಎರಡೇ ಮಳೆಗಾಲ. ವ್ಯಾನಿಟಿ ಅಂದರೆ ಬೇಸಿನ್, ಅದು ಕೂರುವ ಕಲ್ಲು ಮತ್ತು ಕೆಳಗಿನ ಕಪಾಟು, ಮೂರೂ ಸೇರಿ. ಶೋರೂಮಿನ ಹಳದಿ ದೀಪದ ಕೆಳಗೆ ನೋಡಿದಾಗ ಎಷ್ಟು ಚೆನ್ನಾಗಿತ್ತು ಅಂತೀರಿ! ತೇಗದ ಬಣ್ಣ, ಬಿಳಿ ಬೇಸಿನ್, ತಳ್ಳಿದರೆ ಮೆಲ್ಲಗೆ ತಾನೇ ಮುಚ್ಚಿಕೊಳ್ಳುವ ಬಾಗಿಲು. ತಂದು ಬೆಂಗಳೂರಿನ ನಮ್ಮ ಐದಡಿ ಅಗಲ, ಏಳಡಿ ಉದ್ದದ ಬಾತ್‌ರೂಮಿನಲ್ಲಿ ಇಟ್ಟೆವು. ಒಂದೂವರೆ ವರ್ಷಕ್ಕೆ ಅದರ ಕೆಳಗಿನ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿತು. ಬಾಗಿಲು ಮುಚ್ಚದಾಯಿತು. ಒಳಗಿದ್ದ ಟವೆಲ್‌ಗಳಿಗೆಲ್ಲ ಬೂಷ್ಟಿನ ವಾಸನೆ. ಬಿಚ್ಚಿ ನೋಡಿದರೆ ಒಳಗೆ ಪಾರ್ಟಿಕಲ್ ಬೋರ್ಡು, ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು. ಬೆರಳಲ್ಲಿ ಒತ್ತಿದರೆ ಟೀಯಲ್ಲಿ ನೆನೆದ ರಸ್ಕಿನ ಹಾಗೆ ಉದುರುತ್ತಿತ್ತು.

ಮೊದಲು ಅಂಗಡಿಯವರನ್ನು ಬೈದುಕೊಂಡೆ. ಆಮೇಲೆ ಯೋಚಿಸಿದರೆ ಅರ್ಧ ತಪ್ಪು ನಮ್ಮದೇ. ಅದು ನೆಲ ಒಣಗಿರುವ ಬಾತ್‌ರೂಮಿಗೆ ಮಾಡಿದ ಪೀಠೋಪಕರಣ. ಗಾಜಿನ ಪೆಟ್ಟಿಗೆಯೊಳಗೆ ಶವರ್, ಹೊರಗೆ ಕಾಲೊರೆಸು ಹಾಸಿ ಓಡಾಡುವ ಮನೆಗಳಿಗೆ ಸರಿ. ನಮ್ಮದು ಹಾಗಲ್ಲವಲ್ಲ. ಬಕೆಟ್ ಇಟ್ಟುಕೊಂಡು ಚೊಂಬಿನಲ್ಲಿ ಸುರಿದುಕೊಳ್ಳುತ್ತೇವೆ. ವಾರಕ್ಕೊಮ್ಮೆ ಪೊರಕೆ ಹಿಡಿದು ಗೋಡೆಯಿಂದ ಗೋಡೆಗೆ ನೀರು ಹೊಯ್ದು ಉಜ್ಜುತ್ತೇವೆ. ಬಚ್ಚಲುಮನೆ ಅಂದರೆ ನಮಗೆ ನೀರು ಹರಿಯುವ ಜಾಗ. ಅಲ್ಲಿ ಮರದ ಕಪಾಟು ಇಡಬೇಕೆಂದರೆ ಬಣ್ಣ, ಮಾಡೆಲ್ಲು ಎಲ್ಲ ಆಮೇಲೆ. ಮೊದಲು ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು.

ಆಮೇಲೆ ನಮ್ಮ ಎರಡು ಬಾತ್‌ರೂಮು, ನೆಂಟರ ಮನೆಯ ಒಂದೆರಡು ಬಾತ್‌ರೂಮು ಮಾಡಿಸಿದ ಮೇಲೆ ಒಂದು ಕ್ರಮ ಸಿಕ್ಕಿತು. ಅದೇ ಕ್ರಮದಲ್ಲಿ ಹೇಳುತ್ತೇನೆ. ವ್ಯಾನಿಟಿ ಅಂದರೆ ಬೇಸಿನ್, ಅದು ಕೂರುವ ಕಲ್ಲು ಮತ್ತು ಕೆಳಗಿನ ಕಪಾಟು, ಮೂರೂ ಸೇರಿ.

ಮೊದಲ ಹೆಜ್ಜೆ: ಒಂದು ವಾರ ಸುಮ್ನೆ ನೋಡಿ

ಏನನ್ನೂ ಕೊಳ್ಳಬೇಡಿ, ಯಾರನ್ನೂ ಕರೆಸಬೇಡಿ. ಮನೆಯವರೆಲ್ಲ ಸ್ನಾನ ಮಾಡಿ ಬಂದ ಮೇಲೆ ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿ. ಎಷ್ಟು ಎತ್ತರದವರೆಗೆ ಒದ್ದೆಯಾಗಿದೆ? ಬೇಸಿನ್ ಇರುವ ಮೂಲೆಗೆ ಹನಿ ಬರುತ್ತದೆಯಾ? ನೆಲದ ಇಳಿಜಾರು ಎತ್ತ ಕಡೆಗೆ? ಎಷ್ಟೋ ಮನೆಗಳಲ್ಲಿ ನೀರು ಹೋಗುವ ಜಾಲರಿ ಬೇಸಿನ್ನಿನ ಕೆಳಗೇ ಇರುತ್ತದೆ. ಅಂದರೆ ಇಡೀ ಬಾತ್‌ರೂಮಿನ ನೀರು ನೀವು ಇಡಬೇಕೆಂದಿರುವ ಕಪಾಟಿನ ಅಡಿಗೇ ಹರಿದು ಬರುತ್ತದೆ.

ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಹೋಗಿ ನೋಡಿ. ನೆಲ ಒಣಗಿದೆಯಾ? ಒಣಗಿಲ್ಲ ಅಂದರೆ ಗಾಳಿ ಆಡುತ್ತಿಲ್ಲ ಅಂತ ಅರ್ಥ. ಅಂಥ ಬಾತ್‌ರೂಮಿಗೆ ಒಳ್ಳೆ ಎಕ್ಸಾಸ್ಟ್ ಫ್ಯಾನ್ ಹಾಕಿಸದೆ ಎಂಥ ದುಬಾರಿ ಕಪಾಟು ಇಟ್ಟರೂ ಬೂಷ್ಟು ಬರುತ್ತದೆ. ಕಪಾಟಿಗಿಂತ ಫ್ಯಾನಿಗೆ ಮೊದಲು ದುಡ್ಡು ಎತ್ತಿಡಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಲಗುವ ಕೋಣೆಯ ಬೀರುವಿನಲ್ಲಿರುವ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಬಾತ್‌ರೂಮಿನ ಕಪಾಟಿನ ಪಾಡೇನು! ಮಲೆನಾಡಿನವರು ಜೊತೆಗೆ ಗೆದ್ದಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಲ್ಲಿಯಲ್ಲಿ ಬರುವ ನೀರು ಎಂಥದ್ದು ಅಂತಲೂ ನೋಡಿ. ಬೋರ್‌ವೆಲ್ ನೀರಾದರೆ ನಲ್ಲಿಯ ಬುಡದಲ್ಲಿ ಬಿಳಿ ಪದರ ಕಟ್ಟಿರುತ್ತದೆ, ಅದು ನೀರಿನ ಗಡಸುತನದ ಗುರುತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರನ್ನೇ ನಂಬಿದ ಮನೆಗಳು ಈಗಲೂ ಬೇಕಾದಷ್ಟಿವೆ. ಇಂಥ ನೀರಿಗೆ ಹೊಳೆಯುವ ಕಪ್ಪು ಬೇಸಿನ್, ಕಪ್ಪು ನಲ್ಲಿ, ಥಳಥಳ ಹೊಳೆಯುವ ಹೈ-ಗ್ಲಾಸ್ ಕಪಾಟಿನ ಬಾಗಿಲು ತಂದರೆ ದಿನಾ ಒರೆಸುವುದೇ ಕೆಲಸ. ಬೂದು, ಮರಳಿನ ಬಣ್ಣ, ಮ್ಯಾಟ್ ಫಿನಿಶ್ ಆದರೆ ಕಲೆ ಕಾಣುವುದು ಕಡಿಮೆ. ಬಣ್ಣದ ಬಗ್ಗೆ ನಾನು ಹೇಳುವುದು ಇಷ್ಟೇ. ಮಿಕ್ಕಿದ್ದು ನಿಮ್ಮಿಷ್ಟ.

ಎರಡನೇ ಹೆಜ್ಜೆ: ಅಳತೆ, ಅದೂ ಟೇಪಿನಿಂದ ಮಾತ್ರ ಅಲ್ಲ

ಟೇಪ್ ಹಿಡಿದು ಅಳೆಯುವುದು ಎಲ್ಲರಿಗೂ ಗೊತ್ತು. ಜೊತೆಗೆ ಇನ್ನೊಂದು ಮಾಡಿ. ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಬಂದ ರಟ್ಟಿನ ಪೆಟ್ಟಿಗೆಯನ್ನು ವ್ಯಾನಿಟಿಯ ಅಗಲ, ಆಳ, ಎತ್ತರಕ್ಕೆ ಕತ್ತರಿಸಿ ಆ ಜಾಗದಲ್ಲಿ ಎರಡು ದಿನ ಇಡಿ. ಬಾಗಿಲು ತೆಗೆಯುವಾಗ ತಗಲುತ್ತದೆಯಾ, ಕಮೋಡಿನ ಮೇಲೆ ಕೂತಾಗ ಮೊಣಕೈಗೆ ಬಡಿಯುತ್ತದೆಯಾ, ಬಕೆಟ್ ಎತ್ತಿಕೊಂಡು ಪಕ್ಕದಲ್ಲಿ ಹೋಗಲು ಆಗುತ್ತದೆಯಾ, ಎಲ್ಲ ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ 21 ಇಂಚು ಆಳದ ವ್ಯಾನಿಟಿ ಬೇಕು ಅಂತ ಹಟ ಹಿಡಿದಿದ್ದವರು ರಟ್ಟಿಗೆ ಮೂರು ಸಲ ಡಿಕ್ಕಿ ಹೊಡೆದ ಮೇಲೆ 16 ಇಂಚಿಗೆ ಇಳಿದರು. ಆ ಹಟಮಾರಿ ನಾನೇ.

ಬೇಸಿನ್ನಿನ ಮುಂದೆ ನಿಂತು ಬಗ್ಗಿ ಮುಖ ತೊಳೆಯಲು ಎರಡೂವರೆ ಅಡಿ ಖಾಲಿ ಜಾಗ ಇದ್ದರೆ ಆರಾಮ. ಎರಡಡಿಗಿಂತ ಕಡಿಮೆಯಾದರೆ ಹಿಂದಿನ ಗೋಡೆಗೆ ಸೊಂಟ ತಗಲುತ್ತದೆ. ಐದಡಿ ಅಗಲದ ಬಾತ್‌ರೂಮಿಗೆ 15ರಿಂದ 18 ಇಂಚು ಆಳ ಸಾಕು.

ಎತ್ತರದಲ್ಲಿ ತುಂಬಾ ಜನ ಎಡವುತ್ತಾರೆ. ಮುಖ್ಯವಾದದ್ದು ಕಲ್ಲಿನ ಎತ್ತರವಲ್ಲ, ಬೇಸಿನ್ನಿನ ಬಾಯಿಯ ಎತ್ತರ. ನೆಲದಿಂದ ಬಾಯಿಗೆ 32 ಇಂಚು ಇದ್ದರೆ ನಮ್ಮಲ್ಲಿ ಹೆಚ್ಚಿನವರಿಗೆ ಹೊಂದುತ್ತದೆ. ಎತ್ತರದವರಿಗೆ ಒಂದೆರಡು ಇಂಚು ಜಾಸ್ತಿ ಮಾಡಿ. ಈಗ ಎಲ್ಲರೂ ಕೇಳುವ ಟೇಬಲ್ ಟಾಪ್ ಬೇಸಿನ್, ಅಂದರೆ ಕಲ್ಲಿನ ಮೇಲೆ ಬೋಗುಣಿಯ ಹಾಗೆ ಕೂರುವಂಥದ್ದು, ತಾನೇ ಐದಾರು ಇಂಚು ಎತ್ತರ ಇರುತ್ತದೆ. ಹಾಗಾಗಿ ಕಲ್ಲು 26–27 ಇಂಚಿನಲ್ಲೇ ನಿಲ್ಲಬೇಕು. ಮೇಸ್ತ್ರಿ ಅಭ್ಯಾಸದ ಮೇಲೆ 32 ಇಂಚಿಗೆ ಕಲ್ಲು ಕೂರಿಸಿಬಿಟ್ಟರೆ ಅಜ್ಜಿ, ಮಕ್ಕಳು ಮುಂಗೈ ಎತ್ತಿ ಮುಖ ತೊಳೆಯಬೇಕು, ನೀರೆಲ್ಲ ಮೊಣಕೈಯಿಂದ ಕೆಳಗೆ ಸುರಿಯುತ್ತದೆ. ಎಲ್ಲಿ ಸುರಿಯುತ್ತದೆ? ಹೊಸ ಕಪಾಟಿನ ಬಾಗಿಲಿನ ಮೇಲೆ.

ಕಪಾಟಿನೊಳಗೆ ಏನೇನು ಇಡುತ್ತೀರಿ ಅಂತ ಒಂದು ಚೀಟಿ ಬರೆಯಿರಿ. ಸೋಪು, ಶಾಂಪೂ, ಟೂತ್‌ಪೇಸ್ಟು, ಹೇರ್ ಡ್ರೈಯರ್, ಸ್ಯಾನಿಟರಿ ಪ್ಯಾಡ್, ಎರಡು ಟವೆಲ್, ಫಿನಾಯಿಲ್, ಬ್ರಶ್ಶು. ಹೆಚ್ಚಿನ ಮನೆಗಳಲ್ಲಿ ಇಷ್ಟೇ. ಇದಕ್ಕೆ ನಾಲ್ಕಡಿ ಕಪಾಟು ಬೇಡ, ಎರಡೂವರೆ ಅಡಿ ಧಾರಾಳವಾಯಿತು. ಜಾಗ ಇದೆ ಅಂತ ದೊಡ್ಡದು ಮಾಡಿಸಿದರೆ ಹಳೆ ಬಟ್ಟೆ, ಒಡೆದ ಮಗ್ಗು, ಅರ್ಧ ಖಾಲಿ ಬಾಟಲಿಗಳು ತುಂಬಿ ಜಿರಳೆಗಳಿಗೆ ಛತ್ರವಾಗುತ್ತದೆ.

ಮೂರನೇ ಹೆಜ್ಜೆ: ಗೋಡೆಯ ಒಳಗೇನಿದೆ?

ಟೈಲ್ಸ್ ಒಡೆಸುವುದಿದ್ದರೆ ಒಡೆಯುವ ಮುಂಚೆಯೇ ವ್ಯಾನಿಟಿ ತೀರ್ಮಾನ ಆಗಿರಬೇಕು. ಹೊಸ ಟೈಲ್ಸ್ ಅಂಟಿಸಿದ ಮೇಲೆ ವ್ಯಾನಿಟಿ ಹುಡುಕಲು ಹೊರಟರೆ ನೀರಿನ ಪಾಯಿಂಟು ಡ್ರಾಯರ್‌ಗೆ ಅಡ್ಡ ಬರುತ್ತದೆ. ವೇಸ್ಟ್ ಪೈಪು ಒಂದು ಕಡೆ, ಬೇಸಿನ್ನಿನ ತೂತು ಇನ್ನೊಂದು ಕಡೆ. ಆಮೇಲೆ ಪ್ಲಂಬರ್ ಸುಕ್ಕು ಸುಕ್ಕಾದ ಬಿಳಿ ಪ್ಲಾಸ್ಟಿಕ್ ಪೈಪನ್ನು ಎಳೆದು ಸೇರಿಸಿ ಹೋಗುತ್ತಾರೆ. ಆ ಸುಕ್ಕುಗಳಲ್ಲಿ ಸೋಪಿನ ಜಿಡ್ಡು, ಕೂದಲು ಕೂರುತ್ತವೆ. ಆರು ತಿಂಗಳಿಗೆ ನಾತ.

ವೇಸ್ಟ್ ಪೈಪು ಗೋಡೆಯೊಳಗೆ ಹೋಗುತ್ತದೆಯಾ, ನೆಲಕ್ಕೆ ಇಳಿಯುತ್ತದೆಯಾ ನೋಡಿ. ಹಳೆಯ ಮನೆಗಳಲ್ಲಿ ನೆಲಕ್ಕೆ ಇಳಿದು ಜಾಲರಿಯ ಹತ್ತಿರ ಬಿಡುವುದೇ ರೂಢಿ. ಗೋಡೆಗೆ ನೇತುಹಾಕುವ ವ್ಯಾನಿಟಿ ಬೇಕಿದ್ದರೆ ಅದನ್ನು ಗೋಡೆಯೊಳಗೆ ತಿರುಗಿಸಬೇಕು. ಗೋಡೆಯಲ್ಲಿ ಪೈಪು ಸಿಕ್ಕರೆ 32 ಎಂಎಂ ಬಾಟಲ್ ಟ್ರಾಪ್ ಹಾಕಬಹುದು. ಅದರ ಬುಡವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ ತೊಳೆಯಬಹುದು, ಒಳಗೆ ನಿಂತ ನೀರು ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ.

ನಾನು ಯಾರಿಗೇ ಆದರೂ ಹೇಳುವುದು ನೇತುಹಾಕುವ ವ್ಯಾನಿಟಿಯನ್ನೇ. ನೆಲಕ್ಕೆ ತಾಗಿ ನಿಂತ ಕಪಾಟು ನಮ್ಮ ಒದ್ದೆ ಬಾತ್‌ರೂಮಿಗೆ ಆಗಿಬರುವುದಿಲ್ಲ. ನೆಲದಿಂದ ಕಡಿಮೆ ಅಂದರೆ 10 ಇಂಚು ಮೇಲಿರಲಿ. ಪೊರಕೆ, ವೈಪರ್ ಒಳಗೆ ಹೋಗಬೇಕು. ಬಕೆಟ್ ಕೂಡ ಅರ್ಧ ಒಳಗೆ ತೂರುವಷ್ಟು ಜಾಗ ಇದ್ದರೆ ಇನ್ನೂ ಒಳ್ಳೆಯದು.

ಆದರೆ ನೇತುಹಾಕಿದ್ದು ನಿಲ್ಲಬೇಕಲ್ಲ? ಭಾರ ಲೆಕ್ಕ ಹಾಕಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, 18 ಎಂಎಂ ದಪ್ಪದ ಗ್ರಾನೈಟ್ ಒಂದೇ ಸುಮಾರು 20 ಕೆಜಿ ತೂಗುತ್ತದೆ. ಮೇಲೆ ಬೇಸಿನ್, ಕೆಳಗೆ ಕಪಾಟು, ಒಳಗಿನ ಸಾಮಾನು. ಅದರ ಮೇಲೆ ಕೈಯೂರಿ ಹಲ್ಲುಜ್ಜುವ ಮನುಷ್ಯ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಇಷ್ಟನ್ನು ಸಲೀಸಾಗಿ ಹೊರುತ್ತದೆ. ಹೊಸ ಅಪಾರ್ಟ್‌ಮೆಂಟುಗಳ ಹಗುರ ಬ್ಲಾಕ್ ಗೋಡೆ, ಟೊಳ್ಳು ಬ್ಲಾಕ್ ಗೋಡೆಗೆ ಮಾಮೂಲಿ ರಾಲ್‌ಪ್ಲಗ್ (ಸ್ಕ್ರೂ ಹಿಡಿಯಲು ಗೋಡೆಗೆ ತೂರಿಸುವ ಪ್ಲಾಸ್ಟಿಕ್ ಬೆಣೆ) ಹಾಕಿದರೆ ಒಂದು ದಿನ ಟೈಲ್ಸ್ ಸಮೇತ ಕಿತ್ತುಬರಬಹುದು. ಅಲ್ಲಿ ಆ ಬ್ಲಾಕಿಗೆಂದೇ ಬರುವ ಆಂಕರ್ ಬೇಕು. ಕಲ್ಲಿನ ಭಾರಕ್ಕೆ ಬೇರೆಯಾಗಿ ಸ್ಟೀಲ್ ಆಂಗಲ್ ಕೊಟ್ಟು ಗೋಡೆಯೊಳಗೆ ಹೂಳಿಸಿದರೆ ಇನ್ನೂ ಭದ್ರ. ಕಲ್ಲು ತನ್ನ ಭಾರವನ್ನು ತಾನು ಹೊರಬೇಕು, ಕಪಾಟು ತನ್ನದನ್ನು. ಕಪಾಟಿನ ತಲೆಯ ಮೇಲೆ ಕಲ್ಲು ಹೊರಿಸಬೇಡಿ.

ಅಪಾರ್ಟ್‌ಮೆಂಟಿನವರು ಇನ್ನೊಂದು ನೋಡಿಕೊಳ್ಳಿ. ನಿಮ್ಮ ನೆಲ ಕೆಳಗಿನ ಮನೆಯವರ ಚಾವಣಿ. ವೇಸ್ಟ್ ಪೈಪು ಸರಿಸಲು ನೆಲ ಒಡೆದರೆ ವಾಟರ್‌ಪ್ರೂಫಿಂಗ್ ಪದರವೂ ಹೋಗುತ್ತದೆ. ಅದನ್ನು ಮತ್ತೆ ಮಾಡಿಸಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಯವರ ಚಾವಣಿ ನೋಡಿಬಂದ ಮೇಲೆಯೇ ಟೈಲ್ಸ್.

ನಾಲ್ಕನೇ ಹೆಜ್ಜೆ: ಬೇಸಿನ್ ಮೊದಲು, ಕಪಾಟು ಆಮೇಲೆ

ಬೇಸಿನ್ ಕೈಗೆ ಬರುವವರೆಗೆ ಬಡಗಿಗೆ ಅಳತೆ ಕೊಡಬೇಡಿ. ಕ್ಯಾಟಲಾಗಿನ ಚಿತ್ರಕ್ಕೂ ನಿಜವಾದ ಬೇಸಿನ್ನಿಗೂ ಅರ್ಧ ಇಂಚು ವ್ಯತ್ಯಾಸ ಬರುವುದುಂಟು. ಕಲ್ಲು ಒಮ್ಮೆ ಕೊರೆದರೆ ಕೊರೆದಂತೆ.

ಟೇಬಲ್ ಟಾಪ್ ನೋಡಲು ಚೆಂದ. ಆದರೆ ಅದರ ಸುತ್ತ, ಮುಖ್ಯವಾಗಿ ಗೋಡೆಗೂ ಬೇಸಿನ್ನಿಗೂ ನಡುವೆ, ಕೈ ಹೋಗದ ಸಂದಿನಲ್ಲಿ ಕೊಳೆ ಕೂರುತ್ತದೆ. ಅದಕ್ಕೆ ಉದ್ದ ಕತ್ತಿನ ನಲ್ಲಿಯನ್ನೂ ಬೇರೆ ತರಬೇಕು. ಅಂಡರ್ ಕೌಂಟರ್, ಅಂದರೆ ಕಲ್ಲಿನ ಅಡಿಗೆ ಅಂಟುವಂಥದ್ದು, ಒರೆಸಲು ತುಂಬಾ ಸುಲಭ. ಕಲ್ಲಿನ ಮೇಲೆ ಬಿದ್ದ ನೀರನ್ನು ಕೈಯಲ್ಲೇ ಒಳಗೆ ತಳ್ಳಬಹುದು. ಆದರೆ ಅಂಟು ಬಿಟ್ಟರೆ ನೀರು ನೇರ ಕಪಾಟಿಗೆ ಇಳಿಯುತ್ತದೆ, ಆದ್ದರಿಂದ ಕೆಳಗಿನಿಂದ ಆಧಾರ ಕೊಡಿಸಲೇಬೇಕು. ಕಲ್ಲೂ ಬೇಸಿನ್ನೂ ಒಂದೇ ಅಚ್ಚಿನಲ್ಲಿ ಬರುವ ಸೆರಾಮಿಕ್ ಬೇಸಿನ್‌ಗಳಿವೆ. ಸಂದಿಯೇ ಇಲ್ಲ, ಸೋರುವ ಮಾತೇ ಇಲ್ಲ. ಮಕ್ಕಳಿರುವ ಮನೆಗೆ, ಬಾಡಿಗೆಗೆ ಕೊಡುವ ಮನೆಗೆ ನಾನು ಇದನ್ನೇ ಆರಿಸುತ್ತೇನೆ.

ಒಂದು ಸಣ್ಣ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಬೇಸಿನ್ನಿನ ಒಳಗೆ ಮೇಲ್ಭಾಗದಲ್ಲಿ ಓವರ್‌ಫ್ಲೋ ತೂತು ಇದೆಯಾ ನೋಡಿ. ಇದ್ದರೆ ಹಾಫ್ ಥ್ರೆಡ್ ವೇಸ್ಟ್ ಕಪ್ಲಿಂಗ್ (ಬೇಸಿನ್ನಿನ ತಳದ ತೂತಿಗೆ ಕೂರುವ, ಪೈಪಿಗೆ ಸೇರಿಸುವ ಸಾಮಾನು), ಇಲ್ಲದಿದ್ದರೆ ಫುಲ್ ಥ್ರೆಡ್. ಅದಲುಬದಲಾದರೆ ಓವರ್‌ಫ್ಲೋ ಕೆಲಸ ಮಾಡುವುದಿಲ್ಲ, ಅಥವಾ ಕಪಾಟಿನೊಳಗೆ ತೊಟ್ಟಿಕ್ಕಲು ಶುರುವಾಗುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಸಾಮಾನು ಸಾವಿರಾರು ರೂಪಾಯಿಯ ಕಪಾಟನ್ನು ಹಾಳು ಮಾಡಿದ್ದನ್ನು ನೋಡಿದ್ದೇನೆ.

ಐದನೇ ಹೆಜ್ಜೆ: ಯಾವುದರಲ್ಲಿ ಮಾಡಿಸುವುದು?

ದುಡ್ಡೂ ಇಲ್ಲೇ, ಮೋಸವೂ ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಪಾರ್ಟಿಕಲ್ ಬೋರ್ಡು, ಮರದ ನಾರು ಒತ್ತಿ ಮಾಡಿದ ಮಾಮೂಲಿ ಎಂಡಿಎಫ್ ಎರಡನ್ನೂ ಬಾತ್‌ರೂಮಿನ ಹೊಸ್ತಿಲು ದಾಟಿಸಬೇಡಿ. ರೆಡಿಮೇಡ್ ವ್ಯಾನಿಟಿ ಕೊಳ್ಳುವಾಗ ಹೊರಗಿನ ಹೊಳಪು ನೋಡಬೇಡಿ, ಪೈಪು ಹೋಗಲು ಕೊರೆದ ತೂತಿನ ಅಂಚು ನೋಡಿ. ಒಳಗೆ ಪುಡಿಪುಡಿಯಾಗಿ ಅವಲಕ್ಕಿ ಒತ್ತಿದಂತಿದ್ದರೆ ಪಾರ್ಟಿಕಲ್ ಬೋರ್ಡು. ನುಣ್ಣಗೆ ಕಂದು ರಟ್ಟಿನಂತಿದ್ದರೆ ಎಂಡಿಎಫ್. ಪದರ ಪದರವಾಗಿದ್ದರೆ ಪ್ಲೈವುಡ್. ಹಾಲುಬಿಳುಪಾಗಿ ಗಟ್ಟಿ ಥರ್ಮಾಕೋಲಿನಂತಿದ್ದರೆ ಪಿವಿಸಿ ಅಥವಾ ಡಬ್ಲ್ಯುಪಿಸಿ (ಪ್ಲಾಸ್ಟಿಕ್ಕಿಗೆ ಮರದ ಪುಡಿ ಬೆರೆಸಿದ ಬೋರ್ಡು). ಎಚ್‌ಡಿಎಚ್‌ಎಂಆರ್ ಅಂತ ಮರದ ನಾರನ್ನು ಒತ್ತಿ ಮಾಡಿದ ಒಂದು ಗಟ್ಟಿ ಬೋರ್ಡು ಈಗ ಎಲ್ಲೆಡೆ ಸಿಗುತ್ತದೆ. ಅದು ತೇವ ತಡೆಯುತ್ತದೆ, ನಿಂತ ನೀರನ್ನಲ್ಲ. ಕನ್ನಡಿ ಕಪಾಟಿಗೆ ಸರಿ, ಬೇಸಿನ್ ಕೆಳಗೆ ಬೇಡ.

ಪ್ಲೈವುಡ್‌ನಲ್ಲಿ ಮೂರು ಹೆಸರು ಕೇಳಿಬರುತ್ತವೆ. ಎಂಆರ್ ಅಂದರೆ ಅಂಗಡಿಯಲ್ಲಿ ಕಮರ್ಷಿಯಲ್ ಅಂತ ಕರೆಯುವುದು. ಅದು ಹಾಲ್‌ಗೆ, ಬೆಡ್‌ರೂಮಿಗೆ. ಬಿಡಬ್ಲ್ಯುಆರ್ ಅಡುಗೆಮನೆಗೆ ನಡೆಯುತ್ತದೆ. ಬಾತ್‌ರೂಮಿಗೆ ಬೇಕಾದದ್ದು ಬಿಡಬ್ಲ್ಯುಪಿ, ಅಂದರೆ ಐಎಸ್ 710 ಗುರುತಿನ ಮರೀನ್ ಪ್ಲೈ. 72 ಗಂಟೆ ಕುದಿಸಿದರೂ ಅದರ ಪದರ ಬಿಡಬಾರದು ಅಂತ ಮಾನದಂಡ ಹೇಳುತ್ತದೆ. ಹಾಳೆಯ ಮೇಲೆ ಸುಮ್ನೆ 710 ಅಂತ ಅಚ್ಚು ಹಾಕಿರುವ ನಕಲಿಗಳೂ ಇವೆ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದ್ದು, ಲೈಸೆನ್ಸ್ ನಡೆಯುತ್ತಿದೆಯಾ ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ನಾಚಿಕೊಳ್ಳಬೇಡಿ.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಬೆಂಗಳೂರಿನ ಸಿದ್ಧಯ್ಯ ರಸ್ತೆಯ ಮೂರು ಅಂಗಡಿಗಳಿಂದ ಅಂಗೈಯಗಲದ ಪ್ಲೈ ತುಂಡು ಕೇಳಿ ತಂದು, ಹಳೆ ಪಾತ್ರೆಯಲ್ಲಿ ಹಾಕಿ, ಮೂರು ಸಂಜೆ ಕುದಿಸಿದೆ. ಮನೆಯೆಲ್ಲ ಮರದ ವಾಸನೆ, ಗ್ಯಾಸ್ ದಂಡ ಅಂತ ಅಮ್ಮನ ಬೈಗುಳ ಬೇರೆ. ಒಂದು ತುಂಡು ಎರಡನೇ ಸಂಜೆಗೇ ಪುಸ್ತಕದ ಹಾಗೆ ಬಿಚ್ಚಿಕೊಂಡಿತು. ಅದೂ ಮರೀನ್ ಅಂತಲೇ ಕೊಟ್ಟಿದ್ದು. ಬೈಗುಳಕ್ಕೆ ಬೆಲೆ ಬಂತು.

ಮರೀನ್ ಪ್ಲೈ ಆದರೂ ಮರ ಮರವೇ. ಅಂಟು ಬಿಡುವುದಿಲ್ಲ, ಆದರೆ ಕತ್ತರಿಸಿದ ಅಂಚು ನೀರು ಹೀರುತ್ತದೆ. ಆದ್ದರಿಂದ ಕಾಣದ ಅಂಚಿಗೂ ಎಡ್ಜ್ ಬ್ಯಾಂಡ್, ಅಂದರೆ ಅಂಚು ಮುಚ್ಚುವ ಪಟ್ಟಿ ಬೇಕು. ಹಿಂಭಾಗ, ತಳ, ಪೈಪಿನ ತೂತು ಇವಕ್ಕೆ ಬಡಗಿಗಳು ಏನೂ ಮಾಡುವುದಿಲ್ಲ, ಯಾರು ನೋಡುತ್ತಾರೆ ಅಂತ. ನೀರು ನೋಡುತ್ತದೆ. ಹೊರಗೆ 1 ಎಂಎಂ ಲ್ಯಾಮಿನೇಟ್, ಒಳಗೂ ಲ್ಯಾಮಿನೇಟೇ, ಬರೀ ಪೇಂಟಲ್ಲ. ಅಂಟಿಸಲು ಮಾಮೂಲಿ ಬಿಳಿ ಅಂಟು ಬೇಡ, ನೀರು ತಡೆಯುವ ಅಂಟು ಬೇರೆ ಬರುತ್ತದೆ. ಫೆವಿಕಾಲ್‌ನಲ್ಲಿ ಮರೀನ್ ಅಂತಲೇ ಕೇಳಿ.

ಡಬ್ಲ್ಯುಪಿಸಿ, ಪಿವಿಸಿ ಬೋರ್ಡಿನ ಕಥೆ ಬೇರೆ. ನೀರಿಗೆ ಜಗ್ಗುವುದಿಲ್ಲ, ಗೆದ್ದಲು ಮೂಸಿಯೂ ನೋಡುವುದಿಲ್ಲ. ಆದರೆ ಮರದಷ್ಟು ಗಟ್ಟಿಯಾಗಿ ಸ್ಕ್ರೂ ಹಿಡಿಯುವುದಿಲ್ಲ. ಹಿಂಜ್ ಸಡಿಲವಾಗಿ ಬಾಗಿಲು ಜೋತುಬೀಳುತ್ತದೆ, ಉದ್ದದ ಶೆಲ್ಫ್ ನಡುವೆ ಬಾಗುತ್ತದೆ. ಹಗುರವಾದಷ್ಟೂ ಈ ತೊಂದರೆ ಜಾಸ್ತಿ. ಅದಕ್ಕೆ ಡೆನ್ಸಿಟಿ (ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನುವ ಲೆಕ್ಕ) 0.6 ಅಥವಾ ಮೇಲಿನದ್ದು ಕೇಳಿ. ಸುಳ್ಳು ಹೇಳುತ್ತಾರೆ ಅನ್ನಿಸಿದರೆ ತೂಗಿಸಿ. ಎಂಟಡಿ–ನಾಲ್ಕಡಿಯ 18 ಎಂಎಂ ಹಾಳೆ 0.6 ಡೆನ್ಸಿಟಿಯಲ್ಲಿ ಸುಮಾರು 32 ಕೆಜಿ ಬರಬೇಕು. 25 ಕೆಜಿ ಬಂದರೆ ಅದು ಜಾಹೀರಾತಿನ ಬೋರ್ಡು ಬರೆಯುವ ಹಾಳೆ. ಎರಡಡಿಗಿಂತ ಅಗಲದ ಶೆಲ್ಫಿಗೆ ನಡುವೆ ಒಂದು ಆಸರೆ ಕೊಡಿಸಿ.

ಹಾಗಾದರೆ ಯಾವುದು? ಗಾಳಿಯಾಡುವ, ಮಧ್ಯಾಹ್ನದೊಳಗೆ ಒಣಗುವ ಬಾತ್‌ರೂಮಾದರೆ ಮರೀನ್ ಪ್ಲೈ. ಸದಾ ತೇವ ಇರುವ ಜಾಗ, ಕರಾವಳಿ, ಮಲೆನಾಡು, ಗೆದ್ದಲಿನ ಕಾಟ ಇರುವ ಮನೆಯಾದರೆ ಡಬ್ಲ್ಯುಪಿಸಿ ಅಥವಾ ಅಲ್ಯೂಮಿನಿಯಂ. ಫ್ಯಾಬ್ರಿಕೇಷನ್‌ನವರು ಅಡುಗೆಮನೆಗೆ ಮಾಡುವ ಅಲ್ಯೂಮಿನಿಯಂ ಚೌಕಟ್ಟಿನ ಕಪಾಟನ್ನು ಬಾತ್‌ರೂಮಿಗೂ ಮಾಡಿಕೊಡುತ್ತಾರೆ. ಅಂದ ಸ್ವಲ್ಪ ಕಡಿಮೆ, ಆಯುಸ್ಸು ಜಾಸ್ತಿ.

ಹಳೇ ಕಾಲದ ಕಲ್ಲಿನ ಉಪಾಯ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಅಡುಗೆಮನೆಯ ಕಟ್ಟೆಯ ಕೆಳಗೆ ಕಡಪ ಕಲ್ಲು ನಿಲ್ಲಿಸಿ ಅರೆ ಮಾಡುತ್ತಿದ್ದರಲ್ಲ, ಅದನ್ನೇ ಬೇಸಿನ್ನಿನ ಕೆಳಗೂ ಮಾಡಿಸಿ. ಎರಡು ಪಕ್ಕ ಕಲ್ಲು, ತಳ ಕಲ್ಲು, ಮೇಲೆ ಗ್ರಾನೈಟ್. ಗೋಡೆಯೊಳಗೆ ಒಂದೆರಡು ಇಂಚು ತೂರಿಸಿ ಕೂರಿಸುತ್ತಾರೆ. ಮುಂದಿನ ಬಾಗಿಲು ಮಾತ್ರ ಡಬ್ಲ್ಯುಪಿಸಿ ಅಥವಾ ಅಲ್ಯೂಮಿನಿಯಂ. ಪೈಪು ಸೋರಿದರೂ ಒಳಗೆ ಉಬ್ಬಲು ಏನೂ ಇಲ್ಲ. ಹತ್ತು ವರ್ಷವಾದ ಮೇಲೆ ಬೇಜಾರಾದರೆ ಬಾಗಿಲು ಮಾತ್ರ ಬದಲಿಸಿದರಾಯಿತು, ಬಾತ್‌ರೂಮು ಹೊಸದಾಗಿ ಕಾಣುತ್ತದೆ. ಭಾರ ಜಾಸ್ತಿ, ಹಾಗಾಗಿ ಗಟ್ಟಿ ಇಟ್ಟಿಗೆ ಗೋಡೆಯೇ ಬೇಕು, ಮತ್ತು ಟೈಲ್ಸ್‌ಗೆ ಮುಂಚೆಯೇ ಆಗಬೇಕು. ಮಾಡ್ಯುಲರ್ ಕಂಪನಿಯವರಿಗೆ ಹೇಳಿದರೆ ಮುಖ ಹುಳ್ಳಗೆ ಮಾಡುತ್ತಾರೆ. ಮಾಡಲಿ ಬಿಡಿ.

ಮೇಲಿನ ಕಲ್ಲಿಗೆ ಗ್ರಾನೈಟ್ ಬಿಟ್ಟು ಬೇರೆ ಹುಡುಕುವ ಅಗತ್ಯ ನಮ್ಮ ರಾಜ್ಯದವರಿಗೆ ನನಗಂತೂ ಕಾಣುವುದಿಲ್ಲ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು, ಶಿರಾದ ಬೂದು, ಎಲ್ಲ ಇಲ್ಲೇ ಸಿಗುತ್ತವೆ. ಬೆಂಗಳೂರಿನ ಹತ್ತಿರ ಜಿಗಣಿ ಕಡೆಯ ಕಲ್ಲಿನ ಕಾರ್ಖಾನೆಗಳಲ್ಲಿ ಅಡುಗೆಮನೆಗೆ ಕತ್ತರಿಸಿ ಉಳಿದ ತುಂಡು ಕೇಳಿದರೆ ಮೂರಡಿಯದ್ದು ಅಗ್ಗಕ್ಕೆ ಸಿಗುವುದುಂಟು. ಅಮೃತಶಿಲೆ ಬೇಡ. ಅದು ಸುಣ್ಣದ ಜಾತಿಯ ಕಲ್ಲು, ಆ್ಯಸಿಡ್ಡಿನ ಒಂದು ಹನಿ ಬಿದ್ದರೆ ಹೊಳಪು ಹೋಗಿ ಮಚ್ಚೆ ಬೀಳುತ್ತದೆ. ಕಡಪವೂ ಅದೇ ಜಾತಿ, ಹಾಗಾಗಿ ಅದು ಕೆಳಗೇ ಇರಲಿ. ಕಲ್ಲಿನ ಮುಂದಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ ಕೊರೆಯಲು ಹೇಳಿ. ಅಂಚಿನಿಂದ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಕ್ಕೆ ಜಾರಿ ಬಾಗಿಲಿನ ತಲೆಗೆ ಹೋಗುವುದಿಲ್ಲ. ಕಿಟಕಿಯ ಸಜ್ಜಾಕ್ಕೆ ಮಾಡುವ ಕೆಲಸವೇ ಇದು, ಮೇಸ್ತ್ರಿಗೆ ಹೇಳಿದ ತಕ್ಷಣ ಅರ್ಥವಾಗುತ್ತದೆ.

ಹಿಂಜ್, ಹಿಡಿ ಮತ್ತು ಆ್ಯಸಿಡ್ ಬಾಟಲಿ

ಹಿಂಜ್‌ಗೆ 304 ಸ್ಟೇನ್‌ಲೆಸ್ ಸ್ಟೀಲ್ ಅಂತ ಕೇಳಿ. ಮಾಮೂಲಿ ನಿಕಲ್ ಲೇಪದ ಕಬ್ಬಿಣದ್ದು ಬಾತ್‌ರೂಮಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಮೈಗೆ ಗಟ್ಟಿಯಾಗಿ ಕಚ್ಚಿದರೆ ಅನುಮಾನ ಪಡಿ. ಡ್ರಾಯರ್ ಒಂದಕ್ಕಿಂತ ಹೆಚ್ಚು ಬೇಡ. ಡ್ರಾಯರ್ ಜಾರುವ ಚಾನೆಲ್‌ನೊಳಗಿನ ಗೋಲಿಗಳು ತೇವಕ್ಕೆ ಕಚ್ಚಿಕೊಳ್ಳುತ್ತವೆ, ಬಾಟಲ್ ಟ್ರಾಪ್‌ಗೆ ಜಾಗ ಬಿಡಲು ಡ್ರಾಯರನ್ನು ನಡುವೆ ಕೊರೆದರೆ ಉಳಿಯುವ ಜಾಗವೂ ಅಷ್ಟಕ್ಕಷ್ಟೆ.

ಆದರೆ ಎಂಥ ಹಿಂಜ್ ಹಾಕಿದರೂ ಒಂದು ವಸ್ತು ಅದನ್ನು ತಿಂದುಹಾಕುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್. ಬಾಟಲಿಯ ಮುಚ್ಚಳ ಬಿಗಿಯಾಗಿದ್ದರೂ ಸಣ್ಣಗೆ ಹೊಗೆ ಹೊರಬರುತ್ತಲೇ ಇರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಹಿಂಜ್, ಸ್ಕ್ರೂ, ಆಂಗಲ್ ಕಾಕ್ (ಬೇಸಿನ್ನಿಗೆ ಹೋಗುವ ನೀರು ನಿಲ್ಲಿಸುವ ಸಣ್ಣ ನಲ್ಲಿ), ಕನೆಕ್ಷನ್ ಪೈಪಿನ ಹೆಣಿಗೆ ಎಲ್ಲವನ್ನೂ ಕಚ್ಚುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೂ ಕಂದು ಚುಕ್ಕೆ ಬೀಳುತ್ತದೆ. ಕನೆಕ್ಷನ್ ಪೈಪು ಒಡೆದರೆ ಮನೆ ತುಂಬಾ ನೀರು. ಆ್ಯಸಿಡ್ ಬಾಟಲಿ ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಇರಲಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ.

ಕನ್ನಡಿ ಕಪಾಟು

ದಿನಬಳಕೆಯ ಸಾಮಾನಿಗೆ ಬೇಸಿನ್ನಿನ ಕೆಳಗಿನದ್ದಕ್ಕಿಂತ ಕನ್ನಡಿಯ ಹಿಂದಿನ ಕಪಾಟೇ ಉಪಯೋಗ. ಬಗ್ಗುವ ಹಾಗಿಲ್ಲ, ನೀರೂ ಹಾರುವುದಿಲ್ಲ. ನಾಲ್ಕೈದು ಇಂಚು ಆಳ ಸಾಕು. ಅದಕ್ಕಿಂತ ಹೊರಗೆ ಬಂದರೆ ಮುಖ ತೊಳೆದು ತಲೆ ಎತ್ತುವಾಗ ಹಣೆಗೆ ಬಡಿಯುತ್ತದೆ. ಗೀಸರ್‌ನ ಕೆಳಗೆ ಬರದಂತೆ ನೋಡಿಕೊಳ್ಳಿ. ಕನ್ನಡಿಗೆ ದೀಪ ಇರುವ ಮಾಡೆಲ್ ತಂದರೆ ಆ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್‌ನನ್ನು ಕೇಳಿ. ಹಳೆಯ ಮನೆಗಳಲ್ಲಿ ಇರುವುದಿಲ್ಲ. ಕನ್ನಡಿ ಅಂಟಿಸಲು, ಕಲ್ಲಿಗೆ ಬಳಿಯಲು ಹುಳಿ ವಾಸನೆಯ ಸಿಲಿಕೋನ್ ಬೇಡ. ಅದು ಕನ್ನಡಿಯ ಬೆನ್ನಿನ ಲೇಪವನ್ನು ತಿಂದು ಕಪ್ಪು ಮಾಡುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ಕೇಳಿ.

ಕೊಟೇಶನ್ ಬಂದಾಗ

ಬೆಂಗಳೂರಿನಲ್ಲಿ ಹೆಚ್ಚಿನವರು ಚದರಡಿ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ. ಮುಂಭಾಗದ ಅಗಲ ಗುಣಿಸು ಎತ್ತರ, ಅಷ್ಟೇ. ಮೂರಡಿ ಅಗಲ, ಎರಡಡಿ ಎತ್ತರ ಅಂದರೆ ಆರು ಚದರಡಿ. ಕೇಳಲು ಅಗ್ಗ. ಆಮೇಲೆ ಕಲ್ಲು ಬೇರೆ, ಬೇಸಿನ್ ಬೇರೆ, ಹಿಂಜ್ ಬೇರೆ, ಪ್ಲಂಬರ್ ಬೇರೆ, ಜಿಎಸ್‌ಟಿ ಬೇರೆ ಅಂತ ಬಾಲ ಬೆಳೆಯುತ್ತದೆ. ಒಟ್ಟು ಎಷ್ಟು ಅಂತ ಒಂದೇ ಅಂಕಿ ಬರೆಸಿಕೊಳ್ಳಿ. ಪ್ಲೈಯ ಕಂಪನಿ, ಐಎಸ್ ನಂಬರ್, ದಪ್ಪ, ಲ್ಯಾಮಿನೇಟಿನ ಕೋಡ್, ಹಿಂಜ್‌ನ ಮಾಡೆಲ್ ಎಲ್ಲ ಕಾಗದದಲ್ಲಿರಲಿ. ಒಳ್ಳೆ ಕ್ವಾಲಿಟಿ ಸಾರ್ ಅನ್ನುವುದು ಅಳತೆಯಲ್ಲ. ಪ್ಲೈ ಹಾಳೆ ಮನೆಗೆ ಬಂದಾಗ ಕತ್ತರಿಸುವ ಮುಂಚೆ ಮುದ್ರೆಯ ಫೋಟೊ ತೆಗೆದುಕೊಳ್ಳಿ. ಕತ್ತರಿಸಿ ಲ್ಯಾಮಿನೇಟ್ ಅಂಟಿಸಿದ ಮೇಲೆ ಯಾವುದು ಯಾವುದೋ ದೇವರಿಗೇ ಗೊತ್ತು.

ರೆಡಿಮೇಡ್ ಬೇಡವೇ ಬೇಡ ಅಂತಲ್ಲ. ಡಬ್ಲ್ಯುಪಿಸಿಯ ನೇತುಹಾಕುವ ಸೆಟ್‌ಗಳು ಬೇಸಿನ್, ಕನ್ನಡಿ ಸಮೇತ ಬರುತ್ತವೆ, ಅರ್ಧ ದಿನದಲ್ಲಿ ಕೂರಿಸಬಹುದು. ನಿಮ್ಮ ಪೈಪಿನ ಪಾಯಿಂಟುಗಳಿಗೆ ಹೊಂದಿದರೆ ಬಡಗಿಯ ಹಿಂದೆ ಅಲೆಯುವುದು ತಪ್ಪುತ್ತದೆ.

ಕೂರಿಸುವ ದಿನ

ನೀವು ಮನೆಯಲ್ಲೇ ಇರಿ. ಕಪಾಟು ಗೋಡೆಗೆ ಏರಿಸುವ ಮುಂಚೆ ಮಗುಚಿ ಹಾಕಿಸಿ, ತಳ ಮತ್ತು ಹಿಂಭಾಗದ ಅಂಚಿಗೆ ಬ್ಯಾಂಡ್ ಬಿದ್ದಿದೆಯಾ ನೋಡಿ. ಪೈಪಿಗೆ ಕೊರೆದ ತೂತಿನ ಸುತ್ತ ಸಿಲಿಕೋನ್ ತುಂಬಿಸಿ. ಬೇಸಿನ್ನಿನ ಸುತ್ತ, ಕಲ್ಲೂ ಟೈಲೂ ಸೇರುವ ಜಾಗದಲ್ಲಿ ಬೂಷ್ಟು ತಡೆಯುವ ಸಿಲಿಕೋನ್ ಎಳೆಸಿ. ಒಂದು ದಿನ ಪೂರ್ತಿ ನೀರು ಮುಟ್ಟಿಸಬೇಡಿ. ಆಂಗಲ್ ಕಾಕ್ ಕಪಾಟಿನೊಳಗೆ ಕೈಗೆ ಸಿಗುವಂತಿದೆಯಾ ಅಂತ ನೀವೇ ಕೈ ಹಾಕಿ ತಿರುಗಿಸಿ ನೋಡಿ. ರಾತ್ರಿ ಹನ್ನೊಂದಕ್ಕೆ ಪೈಪು ಸೋರಿದಾಗ ತಿರುಗಿಸಬೇಕಾದವರು ನೀವೇ, ಪ್ಲಂಬರ್ ಅಲ್ಲ.

ಮಾರನೇ ದಿನ ಬೇಸಿನ್ ತುಂಬಾ ನೀರು ತುಂಬಿಸಿ ಒಮ್ಮೆಲೇ ಬಿಡಿ. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ಸೋರಿಕೆ ಗೊತ್ತಾಗುವುದಿಲ್ಲ, ರಭಸಕ್ಕೆ ಮಾತ್ರ ಗೊತ್ತಾಗುತ್ತದೆ. ಒಂದು ಟಿಶ್ಯೂ ಪೇಪರನ್ನು ಎಲ್ಲ ಜಾಯಿಂಟುಗಳ ಕೆಳಗೆ ಒತ್ತಿ ಒರೆಸಿ. ಒಂದು ಚುಕ್ಕೆ ಒದ್ದೆಯಾದರೂ ಪ್ಲಂಬರ್‌ಗೆ ಬಾಕಿ ದುಡ್ಡು ಕೊಡಬೇಡಿ. ಕಪಾಟಿನ ತಳಕ್ಕೆ ಒಂದು ಹಳೆ ಪೇಪರ್ ಹಾಸಿ ವಾರ ಬಿಡಿ. ಎಲ್ಲಾದರೂ ಹನಿ ಬಿದ್ದಿದ್ದರೆ ಅದರ ಮೇಲೆ ಗುಂಡಗೆ ಕಲೆ ಕಾಣುತ್ತದೆ. ನಮ್ಮ ಮನೆಯಲ್ಲಿ ಆರನೇ ದಿನ ಕಂಡಿತು, ಎಡಗಡೆಯ ಆಂಗಲ್ ಕಾಕ್ ಕೆಳಗೆ, ಎಂಟಾಣೆಯಷ್ಟು ಅಗಲ.